ಎರಡೂ ನಿಜವಾದರೆ ಸುಳ್ಳು ಯಾವುದು?

ಜುಲೈ ತಿಂಗಳ ಒಂದು ಭಾನುವಾರ ಊರಿಗೆ ಹೋಗಿದ್ದೆ. ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ, ಕೆಆರ್‌ಎಸ್ ಅಣೆಕಟ್ಟೆಯಿಂದ ಬರುವ ವಿ.ಸಿ. ನಾಲೆಯ ಕೊನೆ ಭಾಗದಲ್ಲಿದೆ. ಅಕ್ಕನ ಮಗಳು ಜಗಲಿ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ಕ್ಲ್ಯಾಟ್ ಪ್ರವೇಶ ಪರೀಕ್ಷೆ ಬರೆದು ಕಾನೂನು ಓದಬೇಕು ಅನ್ನೋದು ಅವಳ ಆಸೆ. ಆದರೆ ಅವತ್ತು ಮುಖ ಸಪ್ಪಗಿತ್ತು.

“ಮಾವ, ನಂಗೆ ಲಾಜಿಕ್ ಹತ್ತಲ್ಲ. ಬೇರೆದೆಲ್ಲ ಹೆಂಗೋ ಮಾಡ್ತೀನಿ. ಈ ಪ್ಯಾರಾಡಾಕ್ಸ್ ಪ್ರಶ್ನೆ ಬಂದ್ರೆ ತಲೇನೇ ಓಡಲ್ಲ” ಅಂದಳು.

ನಾನು ಮೈಸೂರಿನಲ್ಲಿ ಸಂಜೆ ಹೊತ್ತು ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಮಕ್ಕಳಿಗೆ ರೀಸನಿಂಗ್ ಹೇಳಿಕೊಡುತ್ತೇನೆ. ಈ ಮಾತು ವಾರಕ್ಕೊಂದು ಸಲವಾದರೂ ಕಿವಿಗೆ ಬೀಳುತ್ತದೆ. ಜಾಸ್ತಿ ಹೇಳುವವರು ಹಳ್ಳಿಯಿಂದ ಬಂದ, ಕನ್ನಡ ಮೀಡಿಯಂನಲ್ಲಿ ಓದಿದ ಮಕ್ಕಳು. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಯಾಕೆಂದರೆ ಈ ಪ್ರಶ್ನೆಗೆ ಬೇಕಾದ ಬುದ್ಧಿ ಅವರಲ್ಲಿ ಚೆನ್ನಾಗಿಯೇ ಇದೆ. ದಿನಾ ಬಳಸುತ್ತಲೂ ಇರುತ್ತಾರೆ. ಅದೇ ಸಂಗತಿ ಇಂಗ್ಲಿಷ್ ಪ್ಯಾಸೇಜಿನ ವೇಷದಲ್ಲಿ ಎದುರಿಗೆ ಬಂದಾಗ ಗುರುತು ಸಿಗುವುದಿಲ್ಲ, ಅಷ್ಟೆ.

ಅವಳ ನೋಟ್‌ಬುಕ್ಕಿನ ಕೊನೇ ಹಾಳೆ ತೆಗೆದು ಹೀಗೆ ಬರೆದೆ:

“ಈ ಜುಲೈನಲ್ಲಿ ಮಂಡ್ಯ ಜಿಲ್ಲೆಯಲ್ಲಿ ಮಳೆ ತೀರಾ ಕಮ್ಮಿ. ಆದರೂ ಇದೇ ಜುಲೈನಲ್ಲಿ ಕೆಆರ್‌ಎಸ್ ತುಂಬಿತು.”

“ಇದರಲ್ಲಿ ಏನಾದ್ರೂ ವಿರೋಧ ಕಾಣುತ್ತಾ?” ಅಂತ ಕೇಳಿದೆ.

ನಕ್ಕಳು. “ಇದೇನ್ ಮಾವ, ಕಟ್ಟೆ ತುಂಬೋದು ಕೊಡಗಿನ ಮಳೆಗೆ. ನಮ್ಮೂರ ಮಳೆಗಲ್ವಲ್ಲ.”

“ಈಗ ನೀನು ಮಾಡಿದ್ದೇ ಪ್ಯಾರಾಡಾಕ್ಸ್ ಪ್ರಶ್ನೆ ಕಣವ್ವ. ಎರಡು ಸೆಕೆಂಡೂ ಹಿಡೀಲಿಲ್ಲ” ಅಂದೆ.

ಅವಳಿಗೆ ನಂಬಿಕೆ ಬರಲಿಲ್ಲ. ಹಾಗಾಗಿ ಅದನ್ನೇ ಬಿಡಿಸಿ ನೋಡಿದೆವು.

ಕೆಆರ್‌ಎಸ್ ಅಂದರೆ ಏನೆಂದು ಗೊತ್ತಿಲ್ಲದ ಒಬ್ಬರು ಆ ಎರಡು ಸಾಲು ಓದುತ್ತಾರೆ ಅಂದುಕೊಳ್ಳಿ. ಅವರು ಖಂಡಿತ ತಬ್ಬಿಬ್ಬಾಗುತ್ತಾರೆ. ಮಳೆಯೇ ಇಲ್ಲ, ಅಣೆಕಟ್ಟೆ ಹೇಗೆ ತುಂಬಿತು? ಅವರ ತಲೆಯಲ್ಲಿ ಈ ಎರಡು ಸಾಲಿನ ನಡುವೆ ಮೂರನೇ ಸಾಲೊಂದು ಬಂದು ಕೂತಿದೆ: “ಅಣೆಕಟ್ಟೆ ಇರುವ ಜಾಗದಲ್ಲಿ ಮಳೆ ಬಿದ್ದರೆ ಮಾತ್ರ ಅದು ತುಂಬುತ್ತದೆ.” ಆ ಸಾಲನ್ನು ಯಾರೂ ಬರೆದಿಲ್ಲ. ಓದುವವರೇ ತಮಗೆ ಗೊತ್ತಿಲ್ಲದ ಹಾಗೆ ಸೇರಿಸಿಕೊಂಡಿದ್ದು. ಸುಳ್ಳಾಗಿರುವುದು ಆ ಸಾಲು ಮಾತ್ರ. ಕಾವೇರಿ ಹುಟ್ಟುವುದು ಕೊಡಗಿನ ತಲಕಾವೇರಿಯಲ್ಲಿ. ಲಕ್ಷ್ಮಣತೀರ್ಥ ಬರುವುದೂ ಕೊಡಗಿನಿಂದ. ಹೇಮಾವತಿ ಚಿಕ್ಕಮಗಳೂರು ಕಡೆಯ ಬೆಟ್ಟಗಳಿಂದ ಇಳಿದು, ಹಾಸನ ದಾಟಿ ಬಂದು ಸೇರುತ್ತಾಳೆ. ಮುಂಗಾರು ಗಟ್ಟಿಯಾಗಿ ಸುರಿಯುವುದು ಆ ಮಲೆನಾಡಿನಲ್ಲಿ. ಇಲ್ಲಿ ನಮ್ಮ ಹೊಲದಲ್ಲಿ ಧೂಳು ಏಳುತ್ತಿರುವಾಗಲೇ ಅಲ್ಲಿಯ ನೀರು ಬಂದು ಕಟ್ಟೆಯ ಮಟ್ಟ 124.80 ಅಡಿ ಮುಟ್ಟಬಹುದು.

ಈ ಜಾತಿಯ ಪ್ರಶ್ನೆಗಳ ಬಗ್ಗೆ ನಾನು ಹೇಳಬೇಕಾದ್ದೆಲ್ಲ ಈ ಮೂರನೇ ಸಾಲಿನಲ್ಲೇ ಇದೆ. ಪ್ಯಾಸೇಜಿನ ಎರಡು ಮಾತೂ ನಿಜ. ನಡುವೆ ನಾವು ಸೇರಿಸಿಕೊಂಡ, ಯಾರೂ ಬರೆಯದ ಮಾತು ತಪ್ಪು. ಸರಿಯಾದ ಆಪ್ಷನ್ ಮಾಡುವ ಕೆಲಸ ಒಂದೇ: ಆ ಬರೆಯದ ಸಾಲನ್ನು ಕೆಡವುತ್ತದೆ.

ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಹೆಸರು ಮೊದಲೇ ಇದೆ. ವಿರೋಧಾಭಾಸ. ಅಲಂಕಾರಗಳ ಪಾಠ ಕೇಳಿದವರಿಗೆ ನೆನಪಿರಬಹುದು. ಇವತ್ತು ನಾವು “ಆಭಾಸ ಆಯ್ತು” ಅಂದರೆ ಮುಜುಗರ ಆಯ್ತು ಅಂತ. ಈ ಪದದಲ್ಲಿ ಮಾತ್ರ ಆಭಾಸ ಅಂದರೆ ಬರೀ ತೋರಿಕೆ. ವಿರೋಧ ಇರುವಂತೆ ಕಾಣುತ್ತದೆ, ಒಳಗೆ ಇಲ್ಲ. ಇಂಗ್ಲಿಷ್ ಪ್ರಶ್ನೆಯಲ್ಲಿ “ಅಪರೆಂಟ್ ಪ್ಯಾರಾಡಾಕ್ಸ್” ಅಂತ ಕಂಡರೆ ಮನಸ್ಸಿನಲ್ಲಿ ವಿರೋಧಾಭಾಸ ಅಂತ ಓದಿಕೊಳ್ಳಿ. ಅರ್ಧ ಭಯ ಅಲ್ಲೇ ಹೋಗುತ್ತದೆ. “ನಾನು ಈಗ ಹೇಳುತ್ತಿರುವ ಮಾತು ಸುಳ್ಳು” ಅನ್ನುವಂಥ ನಿಜವಾದ ಪ್ಯಾರಾಡಾಕ್ಸುಗಳೂ ಇವೆ. ಆ ಮಾತು ನಿಜವೆಂದರೆ ಸುಳ್ಳಾಗುತ್ತದೆ, ಸುಳ್ಳೆಂದರೆ ನಿಜವಾಗುತ್ತದೆ. ಅದು ತತ್ವಶಾಸ್ತ್ರದವರ ಪಾಲು. ಪರೀಕ್ಷೆಯಲ್ಲಿ ಬರುವ ಗಂಟು ಬಿಚ್ಚಲೆಂದೇ ಹಾಕಿದ ಗಂಟು.

ಒಳಗೆ ಸೊಪ್ಪು ಬಿಡಿಸುತ್ತ ಕೂತಿದ್ದ ನಮ್ಮವ್ವ ಇದೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಲ್ಲಿಂದಲೇ ಮೊಮ್ಮಗಳಿಗೆ ಒಂದು ಒಗಟು ಒಗೆದಳು. “ನೀರಲ್ಲೇ ಹುಟ್ತದೆ, ನೀರು ಬಿದ್ರೆ ಸಾಯ್ತದೆ. ಏನು ಹೇಳು ನೋಡಾನ.”

“ಉಪ್ಪು!”

ಒಗಟು ಕೇಳಿ ಬೆಳೆದ ಮಕ್ಕಳಿಗೆ ಲಾಜಿಕ್ ಬರಲ್ಲ ಅನ್ನುವುದನ್ನು ನಾನು ಒಪ್ಪುವುದೇ ಇಲ್ಲ. ಈ ಒಗಟಿನಲ್ಲೂ ಅದೇ ಕಟ್ಟಡ ಇದೆ. ಎರಡು ಮಾತು, ಎರಡೂ ನಿಜ. ನಡುವೆ ನಾವು ಸೇರಿಸುವ ಸಾಲು: ನೀರಲ್ಲಿ ಹುಟ್ಟಿದ್ದಕ್ಕೆ ನೀರೇ ಜೀವ. ಮೀನು, ಕಮಲ ನೆನಪಾಗಿ ಹಾಗನ್ನಿಸುತ್ತದೆ. ಉಪ್ಪು ಅಂದ ಕೂಡಲೇ ಆ ಸಾಲು ಬಿದ್ದುಹೋಗುತ್ತದೆ. ಒಗಟಿನಲ್ಲಿ ನಾವು ಒಂದು ವಸ್ತುವನ್ನು ಹುಡುಕುತ್ತೇವೆ, ಪರೀಕ್ಷೆಯಲ್ಲಿ ಒಂದು ಸಂಗತಿಯನ್ನು ಹುಡುಕುತ್ತೇವೆ. ಪರೀಕ್ಷೆಯವರು ಇನ್ನೂ ಒಂದು ಉಪಕಾರ ಮಾಡಿರುತ್ತಾರೆ. ಉತ್ತರವನ್ನು ಆಪ್ಷನ್‌ಗಳಲ್ಲೇ ಇಟ್ಟಿರುತ್ತಾರೆ.

ಆದರೆ ಅದರ ಪಕ್ಕದಲ್ಲೇ ಬಲೆಯನ್ನೂ ಹಾಕಿರುತ್ತಾರೆ. ಕೆಆರ್‌ಎಸ್ ಪ್ರಶ್ನೆಗೆ ನಾವಿಬ್ಬರೂ ಸೇರಿ ಐದು ಆಪ್ಷನ್ ಬರೆದೆವು.

ಅ) ಮಂಡ್ಯದ ಮಳೆಮಾಪನ ಕೇಂದ್ರಗಳು ಕೆಲವು ಸಲ ತಪ್ಪು ಲೆಕ್ಕ ಕೊಡುತ್ತವೆ.
ಆ) ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ.
ಇ) ಹಿಂದಿನ ವರ್ಷದ ಜುಲೈನಲ್ಲೂ ಮಂಡ್ಯದಲ್ಲಿ ಮಳೆ ಕಮ್ಮಿ ಇತ್ತು, ಆಗ ಕೆಆರ್‌ಎಸ್ ತುಂಬಿರಲಿಲ್ಲ.
ಈ) ಕೆಆರ್‌ಎಸ್‌ಗೆ ಬರುವ ನೀರಿನ ಬಹುಪಾಲು ಮಂಡ್ಯದ ಹೊರಗೆ, ಮಲೆನಾಡಿನಲ್ಲಿ ಬೀಳುವ ಮಳೆಯದು. ಈ ಜುಲೈನಲ್ಲಿ ಅಲ್ಲಿ ಮಳೆ ಜೋರಾಗಿತ್ತು.
ಉ) ಈ ಜುಲೈ ಪೂರ್ತಿ ನಾಲೆಗಳಿಗೆ ನೀರು ಬಿಟ್ಟಿರಲಿಲ್ಲ.

ಅ ತುಂಬ ಮಕ್ಕಳನ್ನು ಬೀಳಿಸುತ್ತದೆ. “ಅಂಕಿಯೇ ತಪ್ಪಿದ್ರೆ ಸಮಸ್ಯೆ ಮುಗೀತಲ್ಲ” ಅನ್ನಿಸುತ್ತದೆ. ಆದರೆ ಅದು ಗಂಟು ಬಿಚ್ಚಿದ್ದಲ್ಲ, ಹಗ್ಗವನ್ನೇ ಕತ್ತರಿಸಿದ್ದು. ಪ್ಯಾಸೇಜಿನಲ್ಲಿ ಕೊಟ್ಟ ಎರಡು ಮಾತನ್ನೂ ಕೊನೇವರೆಗೂ ಉಳಿಸಿಕೊಳ್ಳಬೇಕು. ಒಂದನ್ನು ಅಲ್ಲಗಳೆಯುವ ಆಪ್ಷನ್ ಎಷ್ಟೇ ಜಾಣತನದ್ದಾಗಿ ಕಂಡರೂ ಬಿಡಬೇಕು.

ಆ ಬರೀ ನಿಜ. ಇಲ್ಲಿ ಅದಕ್ಕೆ ಕೆಲಸವಿಲ್ಲ. ಇ ಗಂಟನ್ನು ಇನ್ನೂ ಬಿಗಿ ಮಾಡುತ್ತದೆ: ಹೋದ ವರ್ಷವೂ ಮಳೆಯಿಲ್ಲ, ತುಂಬಲಿಲ್ಲ. ಈ ವರ್ಷವೂ ಮಳೆಯಿಲ್ಲ, ಹಾಗಿದ್ದೂ ತುಂಬಿದ್ದು ಹೇಗೆ?

ಉ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಒಳ್ಳೆಯ ವಿದ್ಯಾರ್ಥಿಗಳು ಎಡವುವುದು ಇಂಥ ಕಡೆಯೇ. ನಾಲೆಗೆ ನೀರು ಬಿಡದಿದ್ದರೆ ಕಟ್ಟೆಯಲ್ಲಿ ನೀರು ಉಳಿಯುತ್ತದೆ, ಸರಿ. ಆದರೆ ಉಳಿಯುವುದು ಬೇರೆ, ತುಂಬುವುದು ಬೇರೆ. ಹೊಸ ನೀರು ಎಲ್ಲಿಂದ ಬಂತು ಅನ್ನುವುದಕ್ಕೆ ಉ ಏನೂ ಹೇಳುವುದಿಲ್ಲ. ಇದನ್ನು ನಾನು ಕ್ಲಾಸಿನಲ್ಲಿ “ಅರ್ಧ ಉತ್ತರ” ಅನ್ನುತ್ತೇನೆ. ಒಂದು ಬದಿಯನ್ನು ಮುಟ್ಟುತ್ತದೆ, ಇನ್ನೊಂದನ್ನು ಹಾಗೇ ಬಿಡುತ್ತದೆ. ಆರಿಸಿದ ಮೇಲೆ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಆ ಆಪ್ಷನ್ನನ್ನು ಎರಡು ಸಾಲಿನ ನಡುವೆ ಇಟ್ಟು ಜೋರಾಗಿ ಓದಿ. “ಮಂಡ್ಯದಲ್ಲಿ ಮಳೆ ಕಮ್ಮಿ. ನೀರು ಬರುವುದು ಮಲೆನಾಡಿನಿಂದ, ಅಲ್ಲಿ ಮಳೆ ಜೋರು. ಹಾಗಾಗಿ ಕೆಆರ್‌ಎಸ್ ತುಂಬಿತು.” ಮೊದಲಿದ್ದ “ಆದರೂ” ಹೋಗಿ ಅಲ್ಲಿ “ಹಾಗಾಗಿ” ಸಲೀಸಾಗಿ ಕೂತಿತು ನೋಡಿ. ಉ ಇಟ್ಟು ಓದಿದರೆ ಹಾಗೆ ಕೂರುವುದಿಲ್ಲ. ನಾಲಗೆಯೇ ತಡೆಯುತ್ತದೆ.

ಪ್ರಶ್ನೆಯ ಮಾತನ್ನೂ ಒಮ್ಮೆ ಗಮನಿಸಿ. “ಕೆಳಗಿನವುಗಳಲ್ಲಿ ಯಾವುದು ನಿಜವಾದರೆ ಮೇಲಿನ ವಿರೋಧ ಪರಿಹಾರವಾಗುತ್ತದೆ?” ಇಲ್ಲಿ “ನಿಜವಾದರೆ” ಅನ್ನುವುದು ದೊಡ್ಡ ಪದ. ಆಪ್ಷನ್ ನಿಜವೋ ಸುಳ್ಳೋ ಅಂತ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಐದನ್ನೂ ನಿಜವೆಂದೇ ಹಿಡಿಯಬೇಕು. ಆಮೇಲೆ, ಯಾವುದು ಗಂಟು ಬಿಚ್ಚುತ್ತದೆ ಅಂತ ಮಾತ್ರ ನೋಡಬೇಕು. ಪ್ಯಾಸೇಜಿನಿಂದ ತೀರ್ಮಾನ ಎಳೆಯುವ ಪ್ರಶ್ನೆಗಳಲ್ಲಿ ಹೊಸ ವಿಷಯ ತರುವ ಆಪ್ಷನ್ ಕಂಡರೆ ಹೊಡೆದುಹಾಕಿ ಅಂತ ಹೇಳಿಕೊಟ್ಟಿರುತ್ತೇವೆ. ಆ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಪ್ಯಾಸೇಜಿನಲ್ಲಿ ಇಲ್ಲದ ವಿಷಯ ಬಂದಾಗಲೇ ಇಲ್ಲಿ ಗಂಟು ಬಿಚ್ಚುವುದು.

ಇದೆಲ್ಲ ಆದ ಮೇಲೆ ಅವಳನ್ನು ಕರೆದುಕೊಂಡು ಊರ ಹೊರಗಿನ ಆಲೆಮನೆ ಕಡೆ ನಡೆದೆ. ಅಂಕಿ ಬರುವ ಪ್ರಶ್ನೆಗಳನ್ನು ಹೇಳಿಕೊಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಗಾಣಕ್ಕೆ ಕಬ್ಬು ಕೊಡುತ್ತಿದ್ದರು. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು. ನಮ್ಮ ಕಡೆ ಕಬ್ಬಿನ ರಸಕ್ಕೆ ಹಾಲು ಅನ್ನುವುದೇ ವಾಡಿಕೆ. ಒಬ್ಬರು ಮೇಲೆ ಬಂದ ಕೊಳೆ ನೊರೆಯನ್ನು ತೆಗೆಯುತ್ತಿದ್ದರು. ಪಾಕ ನೋಡುವ ಹಿರಿಯರು ಕುದಿಯುವುದರಿಂದ ಒಂದು ಚೂರು ತೆಗೆದು ತಣ್ಣೀರಿಗೆ ಬಿಟ್ಟರು. ಬೆರಳಲ್ಲಿ ಉಂಡೆ ಮಾಡಿ ನೋಡಿ ತಲೆ ಆಡಿಸಿದರು. “ಇನ್ನೂ ಬರಬೇಕು. ಈ ಗದ್ದೆ ಹಾಲು ತೆಳು ಕಣಪ್ಪ, ಉರಿ ಜಾಸ್ತಿ ಕೇಳ್ತದೆ” ಅಂದರು.

ಅಲ್ಲೇ ನಿಂತು ಒಂದು ಪ್ರಶ್ನೆ ಕಟ್ಟಿದೆ. ಒಬ್ಬ ರೈತ ಹೋದ ವರ್ಷ ಎಕರೆಗೆ 40 ಟನ್ ಕಬ್ಬು ಬೆಳೆದ. ಈ ವರ್ಷ ಯೂರಿಯಾ, ನೀರು ಎರಡನ್ನೂ ಜಾಸ್ತಿ ಕೊಟ್ಟು 45 ಟನ್ ಬೆಳೆದ. ಎರಡು ವರ್ಷವೂ ಪೂರ್ತಿ ಕಬ್ಬನ್ನು ಒಂದೇ ಆಲೆಮನೆಗೆ ಹಾಕಿದ. ಆದರೂ ಈ ವರ್ಷ ಬೆಲ್ಲ ಕಮ್ಮಿ ಬಂತು. ಯಾಕೆ?

“ಬೆಲ್ಲದ ರೇಟು ಬಿದ್ದೋಯ್ತಾ?” ಅಂತ ಶುರು ಮಾಡಿದವಳು ತಾನೇ ತಿದ್ದಿಕೊಂಡಳು. “ಅಲ್ಲ, ಅಲ್ಲ. ರೇಟು ಬಿದ್ರೆ ದುಡ್ಡು ಕಮ್ಮಿಯಾಗ್ತದೆ. ಬೆಲ್ಲ ಯಾಕೆ ಕಮ್ಮಿಯಾಗ್ತದೆ?” ನನಗೆ ಖುಷಿಯಾಯಿತು. ಕೇಳಿದ್ದು ತೂಕ, ಆಪ್ಷನ್ ಹೇಳುತ್ತಿರುವುದು ಬೆಲೆ. ಹೀಗೆ ಅಳತೆಯನ್ನೇ ಬದಲಿಸುವ ಆಪ್ಷನ್ ಪರೀಕ್ಷೆಯಲ್ಲಿ ತುಂಬ ಬರುತ್ತದೆ.

ಆಮೇಲೆ ಪಾಕ ನೋಡುವವರ ಮಾತು ನೆನಪಾಯಿತು ಅವಳಿಗೆ. ಹಾಲು ತೆಳು. ಕಟಾವಿನ ಹೊತ್ತು ಹತ್ತಿರ ಬಂದಾಗಲೂ ಸಾರಜನಕದ ಗೊಬ್ಬರ, ನೀರು ಜಾಸ್ತಿಯಾದರೆ ಕಬ್ಬು ಬೆಳೆಯುತ್ತಲೇ ಇರುತ್ತದೆ, ಮಾಗುವುದಿಲ್ಲ. ತೂಕ ಬರುತ್ತದೆ, ಸಕ್ಕರೆ ಅಂಶ ಇಳಿಯುತ್ತದೆ. ಲೆಕ್ಕಕ್ಕೆ ಕೂತೆವು. ಹೋದ ವರ್ಷ ನೂರು ಕಿಲೋ ಕಬ್ಬಿಗೆ 10 ಕಿಲೋ ಬೆಲ್ಲ ಅಂದರೆ 40 ಟನ್ನಿಗೆ 4,000 ಕಿಲೋ. ಈ ವರ್ಷ ನೂರು ಕಿಲೋಗೆ ಎಂಟೂವರೆ ಕಿಲೋ ಅಂದರೆ 45 ಟನ್ನಿಗೆ 3,825 ಕಿಲೋ. ಐದು ಟನ್ ಕಬ್ಬು ಜಾಸ್ತಿ, 175 ಕಿಲೋ ಬೆಲ್ಲ ಕಮ್ಮಿ. ಎರಡೂ ಒಟ್ಟಿಗೆ ನಿಂತಿವೆ, ಜಗಳವೇ ಇಲ್ಲ.

ಇಲ್ಲಿ ಬರೆಯದ ಸಾಲು ಯಾವುದು? “ಎಲ್ಲ ಕಬ್ಬಿನಿಂದಲೂ ಒಂದೇ ಪ್ರಮಾಣದಲ್ಲಿ ಬೆಲ್ಲ ಬರುತ್ತದೆ.” ಒಟ್ಟು ತೂಕ ಒಂದು, ಶೇಕಡಾ ಇನ್ನೊಂದು. ಪ್ಯಾಸೇಜಿನ ಒಂದು ಸಾಲು ಸಂಖ್ಯೆಯ ಬಗ್ಗೆ, ಇನ್ನೊಂದು ಶೇಕಡಾವಾರು ಬಗ್ಗೆ ಮಾತಾಡುತ್ತಿದ್ದರೆ ಪೆನ್ಸಿಲ್ಲಿನಲ್ಲಿ ಎರಡಕ್ಕೂ ಗೆರೆ ಎಳೆಯಿರಿ. ಬಹಳ ಸಲ ಗಂಟು ಇರುವುದು ಅಲ್ಲೇ. ಅಮೆರಿಕದ ಲಾ ಕಾಲೇಜುಗಳಿಗೆ ಸೇರಲು ಬರೆಯುವ ಎಲ್‌ಸ್ಯಾಟ್ ಪರೀಕ್ಷೆಯಲ್ಲಿ, ಬಿಸಿನೆಸ್ ಶಾಲೆಗಳ ಜಿಮ್ಯಾಟ್‌ನಲ್ಲಿ ಈ ತಂತ್ರ ತುಂಬ ಹಳೆಯದು. ನಮ್ಮ ಕ್ಲ್ಯಾಟ್‌ಗೂ ಈ ಬಗೆಯ ಪ್ರಶ್ನೆಗಳು ಬಂದಿವೆ.

ಇನ್ನೊಂದು ಬಗೆಯ ಗಂಟು ಇದೆ. ಗುಂಪು ಬೇರೆಬೇರೆ ಆಗಿರುವುದು. ಜಿಲ್ಲೆಯ ದೊಡ್ಡಾಸ್ಪತ್ರೆಯಲ್ಲಿ ಅನುಭವಿ ಡಾಕ್ಟರುಗಳಿದ್ದಾರೆ, ಒಳ್ಳೆಯ ಯಂತ್ರಗಳಿವೆ. ಆದರೂ ದಾಖಲಾದವರಲ್ಲಿ ಸಾಯುವವರ ಪ್ರಮಾಣ ಸಣ್ಣ ನರ್ಸಿಂಗ್ ಹೋಮಿಗಿಂತ ಜಾಸ್ತಿ. ನಮ್ಮ ಕಡೆಯವರಿಗೆ ಇದಕ್ಕೂ ಉತ್ತರ ಹೇಳಿಕೊಡಬೇಕಾಗಿಲ್ಲ. ಸಣ್ಣ ಕಡೆ ಕೈಬಿಟ್ಟ ರೋಗಿಗಳನ್ನು ಆಂಬುಲೆನ್ಸಿನಲ್ಲಿ ಮೈಸೂರಿಗೆ ಕರೆದೊಯ್ಯುವುದನ್ನು ಎಲ್ಲರೂ ಕಂಡಿದ್ದೇವೆ. ಎರಡೂ ಕಡೆ ಒಂದೇ ಥರದ ರೋಗಿಗಳು ಬರುತ್ತಾರೆ ಅನ್ನುವುದು ಇಲ್ಲಿ ಬರೆಯದ ಸಾಲು.

ಇದೇ ಗಂಟು ಒಂದು ಸಲ ನಿಜವಾಗಿಯೇ ದೊಡ್ಡ ವಿಶ್ವವಿದ್ಯಾಲಯವೊಂದನ್ನು ಗೊಂದಲಕ್ಕೆ ಕೆಡವಿತ್ತು. 1973ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಸ್ನಾತಕೋತ್ತರ ಕೋರ್ಸುಗಳಿಗೆ 8,442 ಗಂಡಸರು, 4,321 ಹೆಂಗಸರು ಅರ್ಜಿ ಹಾಕಿದ್ದರು. ಗಂಡಸರಲ್ಲಿ ಶೇ. 44ರಷ್ಟು ಮಂದಿಗೆ ಸೀಟು ಸಿಕ್ಕಿತು, ಹೆಂಗಸರಲ್ಲಿ ಶೇ. 35ರಷ್ಟು ಮಂದಿಗೆ ಮಾತ್ರ. ಹೆಣ್ಣುಮಕ್ಕಳಿಗೆ ಅನ್ಯಾಯ ಆಗಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಸಂಖ್ಯಾಶಾಸ್ತ್ರಜ್ಞ ಪೀಟರ್ ಬಿಕೆಲ್ ಮತ್ತು ಇಬ್ಬರು ಸಂಗಡಿಗರು ಒಂದೊಂದೇ ವಿಭಾಗವನ್ನು ಬಿಡಿಬಿಡಿಯಾಗಿ ತೆಗೆದು ನೋಡಿದಾಗ ಚಿತ್ರ ಬೇರೆಯಾಯಿತು. ಹೆಣ್ಣುಮಕ್ಕಳಿಗೆ ವಿರುದ್ಧವಾದ ಒಲವು ಹೆಚ್ಚಿನ ವಿಭಾಗಗಳಲ್ಲಿ ಕಾಣಲಿಲ್ಲ. ಒಟ್ಟಾರೆ ಸಣ್ಣ ಒಲವು ಅವರ ಪರವಾಗಿಯೇ ಇತ್ತು. 1975ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದು ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ.

ಇದನ್ನು ಕೇಳಿ ನಮ್ಮ ಹುಡುಗಿ ಒಪ್ಪಲಿಲ್ಲ. “ಬಿಡಿಬಿಡಿಯಾಗಿ ನೋಡಿದ್ರೆ ಹುಡುಗೀರು ಮುಂದೆ, ಕೂಡಿದ್ರೆ ಹಿಂದೆ. ಅದೆಂಗ್ ಆಯ್ತದೆ ಮಾವ? ಕೂಡೋದ್ರಲ್ಲಿ ತಪ್ಪಾಗಿರ್ಬೇಕು.” ಆ ಅನುಮಾನ ಒಳ್ಳೆಯದೇ. ಹಾಗಾಗಿ ಸಣ್ಣ ಅಂಕಿ ಕೊಟ್ಟು ಅವಳ ಕೈಯಲ್ಲೇ ಲೆಕ್ಕ ಮಾಡಿಸಿದೆ. ನೀವೂ ಒಂದು ಚೀಟಿ ತಗೊಂಡು ಮಾಡಿ ನೋಡಿ.

ಒಂದು ಕಾಲೇಜಿನಲ್ಲಿ ಎರಡು ವಿಭಾಗ. ಮೊದಲನೆಯದರಲ್ಲಿ ಸೀಟು ಸುಲಭ. ಅಲ್ಲಿಗೆ 80 ಹುಡುಗರು ಅರ್ಜಿ ಹಾಕಿ 48 ಜನ ಸೇರಿದರು, ಅಂದರೆ ಶೇ. 60. ಹುಡುಗಿಯರು 20 ಜನ ಹಾಕಿ 13 ಜನ ಸೇರಿದರು, ಶೇ. 65. ಎರಡನೆಯದರಲ್ಲಿ ಸೀಟು ಕಷ್ಟ. ಅಲ್ಲಿಗೆ ಹುಡುಗರು 20 ಜನ ಹಾಕಿ 4 ಜನ ಸೇರಿದರು, ಶೇ. 20. ಹುಡುಗಿಯರು 80 ಜನ ಹಾಕಿ 20 ಜನ ಸೇರಿದರು, ಶೇ. 25. ಎರಡೂ ಕಡೆ ಹುಡುಗಿಯರದ್ದೇ ಮೇಲುಗೈ. ಈಗ ಕೂಡಿ. ನೂರು ಹುಡುಗರಲ್ಲಿ 52. ನೂರು ಹುಡುಗಿಯರಲ್ಲಿ 33.

ಅವಳು ಎರಡು ಸಲ ಕೂಡಿದಳು. ಮೂರನೇ ಸಲ ಫೋನಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿದಳು. ಆಮೇಲೆ ಸುಮ್ನೆ ಆ ಚೀಟಿಯನ್ನೇ ನೋಡುತ್ತ ಕೂತಳು. ಆ ಮೌನ ನನಗೆ ತುಂಬ ಇಷ್ಟವಾಯಿತು. ಕೂಡಿದ ಲೆಕ್ಕವೂ ನಿಜ, ಬಿಡಿ ಲೆಕ್ಕವೂ ನಿಜ ಅಂತ ತನ್ನ ಕೈಯಾರೆ ಕಂಡ ಮೇಲೆ ಮತ್ತೆ ಯಾರೂ ಅವಳಿಗೆ ಹೇಳಬೇಕಾಗಿಲ್ಲ. ಇದಕ್ಕೆ ಸಿಂಪ್ಸನ್ ಪ್ಯಾರಾಡಾಕ್ಸ್ ಅಂತ ಹೆಸರು. ಎಡ್ವರ್ಡ್ ಸಿಂಪ್ಸನ್ ಅನ್ನುವವರು 1951ರಲ್ಲಿ ಇದರ ಬಗ್ಗೆ ಬರೆದಿದ್ದರಿಂದ ಆ ಹೆಸರು ಬಂತು. ಪರೀಕ್ಷೆಯಲ್ಲಿ ಹೆಸರು ಕೇಳುವುದಿಲ್ಲ. “ಸರಾಸರಿ”, “ಒಟ್ಟಾರೆ” ಅನ್ನುವ ಪದ ಕಂಡಾಗ, ಒಳಗಿನ ಗುಂಪುಗಳ ಅಳತೆ ಬೇರೆ ಇರಬಹುದಾ ಅಂತ ನೋಡುವ ಕಣ್ಣು ಬಂದರೆ ಸಾಕು.

ಮೂರನೆಯ ಬಗೆಯನ್ನು ಬೇಗ ಹೇಳಿಬಿಡುತ್ತೇನೆ. ಒಂದು ಬದಲಾವಣೆ ಜನರ ನಡವಳಿಕೆಯನ್ನೇ ಬದಲಿಸುವುದು. ಇಂಗ್ಲೆಂಡಿನ ವಿಲಿಯಂ ಸ್ಟಾನ್ಲಿ ಜೆವನ್ಸ್ 1865ರಲ್ಲೇ ಇದನ್ನು ಗುರುತಿಸಿದ್ದರು. ಉಗಿ ಯಂತ್ರಗಳು ಸುಧಾರಿಸಿ ಅದೇ ಕೆಲಸಕ್ಕೆ ಕಮ್ಮಿ ಕಲ್ಲಿದ್ದಲು ಸಾಕಾಯಿತು, ಆದರೂ ದೇಶದ ಒಟ್ಟು ಕಲ್ಲಿದ್ದಲು ಬಳಕೆ ಏರಿತು. ಖರ್ಚು ಇಳಿದದ್ದರಿಂದ ಯಂತ್ರಗಳನ್ನು ಇನ್ನೂ ನೂರು ಕಡೆ ಬಳಸತೊಡಗಿದರು. ನಮ್ಮಲ್ಲೂ ಹೀಗೊಂದು ಪ್ರಶ್ನೆ ಕಟ್ಟಬಹುದು. ರೈತನೊಬ್ಬ ಹನಿ ನೀರಾವರಿ ಹಾಕಿಸಿದ, ಎಕರೆಗೆ ಬೇಕಾದ ನೀರು ಅರ್ಧವಾಯಿತು. ಆದರೂ ಬೋರ್‌ವೆಲ್ ಮೋಟರ್ ಓಡುವ ಹೊತ್ತು ಇಳಿಯಲಿಲ್ಲ. ಉಳಿದ ನೀರಿಗೆ ಪಕ್ಕದ ಬೀಳು ಎಕರೆಯನ್ನೂ ಸಾಗು ಮಾಡಿದ್ದ.

ಪರೀಕ್ಷೆ ಕೋಣೆಯಲ್ಲಿ ಇಷ್ಟೆಲ್ಲ ಯೋಚಿಸಲು ಹೊತ್ತೆಲ್ಲಿದೆ ಅನ್ನುವುದು ನ್ಯಾಯವಾದ ಪ್ರಶ್ನೆ. ಕ್ಲ್ಯಾಟ್‌ನಲ್ಲಿ 120 ಪ್ರಶ್ನೆಗೆ 120 ನಿಮಿಷ. ತಪ್ಪಿದರೆ ಕಾಲು ಅಂಕ ಹೋಗುತ್ತದೆ. ಪ್ಯಾಸೇಜ್ ಓದುವ ಹೊತ್ತೂ ಅದರೊಳಗೇ ಬರಬೇಕು. ಹಾಗಾಗಿ ನಾನು ಮಕ್ಕಳಿಗೆ ಹೇಳುವುದು ಒಂದೇ ಅಭ್ಯಾಸ. ಆಪ್ಷನ್ ಕಡೆ ಕಣ್ಣು ಹಾಯಿಸುವ ಮೊದಲು ಇಡೀ ಸಂಗತಿಯನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಒಂದು ಸಾಲು ಮಾಡಿಕೊಳ್ಳಿ, ನಡುವೆ “ಆದರೂ” ಇರಲಿ. “ಕಬ್ಬು ಜಾಸ್ತಿ ಆಯ್ತು, ಆದರೂ ಬೆಲ್ಲ ಕಮ್ಮಿ ಆಯ್ತು.” ಇದಕ್ಕೆ ಐದಾರು ಸೆಕೆಂಡ್ ಸಾಕು. ಪ್ಯಾಸೇಜ್ ಇಂಗ್ಲಿಷಿನಲ್ಲಿದ್ದರೆ ಏನಂತೆ, ತಲೆಯೊಳಗೆ ಕನ್ನಡ ಇರಬಾರದು ಅಂತ ಯಾರೂ ಹೇಳಿಲ್ಲ. ಈ ಒಂದು ಸಾಲು ಮಾಡಿಕೊಳ್ಳದೆ ನೇರವಾಗಿ ಆಪ್ಷನ್ ಓದಲು ಹೋದವರು ಎಲ್ಲವನ್ನೂ ಮೂರು ಮೂರು ಸಲ ಓದುತ್ತಾರೆ. ಹೊತ್ತು ಜಾಸ್ತಿ ಹೋಗುವುದು ಅಲ್ಲಿ.

ಮತ್ತೊಂದು ಎಚ್ಚರಿಕೆ. ಕೆಲವು ಪ್ರಶ್ನೆಗಳು ತಿರುಗಿಸಿ ಕೇಳುತ್ತವೆ: “ಇವುಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ಈ ವಿರೋಧವನ್ನು ವಿವರಿಸುತ್ತವೆ. ಆ ಒಂದು ಯಾವುದು?” ಅಲ್ಲಿ ಒಂದೇ ಗಂಟಿಗೆ ಹಲವು ಬಿಚ್ಚುವ ದಾರಿ ಇರುತ್ತದೆ. ಯಾವುದೂ ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಆಲೆಮನೆ ಪ್ರಶ್ನೆಗೂ ಬೇರೆ ಉತ್ತರ ಇರಬಹುದಿತ್ತು. ಕಡಿದ ಕಬ್ಬನ್ನು ದಿನಗಟ್ಟಲೆ ಅರೆಯದೆ ಬಿಟ್ಟರೂ ಸಕ್ಕರೆ ಅಂಶ ಇಳಿಯುತ್ತದೆ. “ನಾನು ಅಂದುಕೊಂಡ ಕಾರಣ ಆಪ್ಷನ್‌ನಲ್ಲಿ ಇಲ್ಲ” ಅಂತ ಗಾಬರಿಯಾಗುವ ಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ನಿಮ್ಮ ಕಾರಣ ತಪ್ಪೆಂದೇನೂ ಅಲ್ಲ. ಅವರು ಬೇರೊಂದನ್ನು ಇಟ್ಟಿದ್ದಾರೆ, ಅದನ್ನು ಹುಡುಕಿ.

ಕತ್ತಲಾಗುವ ಹೊತ್ತಿಗೆ ಮನೆಗೆ ಬಂದೆವು. ಅವ್ವ ಒಲೆ ಮುಂದೆ ಮುದ್ದೆ ತೊಳಸುತ್ತಿದ್ದಳು. ಹುಡುಗಿ ನೋಟ್‌ಬುಕ್ ಹಿಡಿದು ಅಲ್ಲೇ ಬಾಗಿಲಲ್ಲಿ ಕೂತಳು. ತಾನೇ ಒಂದು ಪ್ರಶ್ನೆ ಬರೆದಿದ್ದಳು. ಓದಿದಳು.

“ಕೆಆರ್‌ಎಸ್ ತುಂಬಿದೆ. ನಾಲೆಗೆ ನೀರು ಬಿಟ್ಟಿದ್ದಾರೆ. ಆದರೂ ನಮ್ಮ ಗದ್ದೆಗೆ ನೀರು ಬಂದಿಲ್ಲ.”

ಕೆಳಗೆ ಆಪ್ಷನ್‌ಗಳು. ನಾಲೆಯಲ್ಲಿ ಹೂಳು ತುಂಬಿದೆ. ಮೇಲಿನ ಊರುಗಳವರು ಭತ್ತಕ್ಕೆಂದು ಜಾಸ್ತಿ ನೀರು ತಿರುಗಿಸಿಕೊಂಡಿದ್ದಾರೆ. ಮೂರನೆಯದು, ನಮ್ಮ ಗದ್ದೆಗೆ ನೀರೇ ಬೇಕಾಗಿಲ್ಲ. “ಇದು ಬಲೆ ಮಾವ, ಬೇಕಾಗಿಲ್ಲ ಅಂದ್ರೆ ಬರದೆ ಇರೋದಕ್ಕೆ ಕಾರಣ ಆಗಲ್ಲ” ಅಂತ ತಾನೇ ವಿವರಿಸಿದಳು. ನಾಲ್ಕನೆಯದು, ವಿ.ಸಿ. ನಾಲೆ ಹುಲಿಕೆರೆ ಸುರಂಗದ ಮೂಲಕ ಹಾದುಬರುತ್ತದೆ. “ಇದು ಬರೀ ನಿಜ. ಕೆಲಸ ಇಲ್ಲ.” ಐದನೆಯದಕ್ಕೆ ಏನೂ ಹೊಳೆದಿರಲಿಲ್ಲ, ಖಾಲಿ ಬಿಟ್ಟಿದ್ದಳು.

ಅವ್ವ ಮುದ್ದೆಕೋಲು ಎತ್ತಿ ಪಾತ್ರೆಯ ಅಂಚಿಗೆ ತಟ್ಟಿದಳು.

“ಕನ್ನಂಬಾಡಿಲಿ ಮೊನ್ನೆ ತೂಬು ಎತ್ತವ್ರೆ ಕಣವ್ವ. ಇಲ್ಲಿಗಂಟ ನೀರು ನಡ್ಕಂಡ್ ಬರಬ್ಯಾಡ್ವ? ಒಣಗಿದ್ ನಾಲೆ ಮೊದ್ಲು ತಾನ್ ಕುಡ್ಕಂಡು ಆಮ್ಯಾಕೆ ನಮಗ್ ಬಿಡ್ತದೆ.”

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಉ ಅಂತ ಬರೆದು, ಅಜ್ಜಿಯ ಮಾತನ್ನು ಹಾಗೇ ಇಳಿಸಿಕೊಂಡಳು.